ಉಡ ಸಾಕಿ ಮರಿ ಮಾಡಿಸಬೇಕು ಅಂತಿದ್ದೇನೆ, ಗೂಡು ಹೇಗಿರಬೇಕು?

ಬೀಳಗಿ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಬೀಳಗಿಯವನು. ಹಾರ್ಡ್‌ವೇರ್ ಅಂಗಡಿ ಇದೆ. ಮೀನು, ಲವ್ ಬರ್ಡ್ಸ್ ಸಾಕಿ ಹತ್ತು ವರ್ಷ ಆಯಿತು. ಈಗ ಮಾನಿಟರ್ ಹಲ್ಲಿಗಳ ಹುಚ್ಚು ಹಿಡಿದಿದೆ. ನಮ್ಮ ಉಡದ ಜಾತಿಯವೇ. ರಾತ್ರಿ ಎರಡು ಗಂಟೆವರೆಗೆ ಅವುಗಳ ವಿಡಿಯೊ ನೋಡುತ್ತಾ ಕೂರುತ್ತೇನೆ, ಹೆಂಡತಿ ಬೈಯುತ್ತಾಳೆ.

ಅಂಗಡಿ ಹಿಂದೆ ಪತ್ರಾಸ್ ಶೆಡ್ ಖಾಲಿ ಬಿದ್ದಿದೆ. ವೆಲ್ಡಿಂಗ್ ನಾನೇ ಮಾಡುತ್ತೇನೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಾಲರಿ ಪಂಜರ ಸಾಕಾ? ಬಲ್ಬ್ ಬೇಕಾ, ಅಥವಾ ನಮ್ಮ ಬಿಸಿಲೇ ಸಾಕಾ? ಜೋಡಿ ತಂದರೆ ಮೊಟ್ಟೆ ಇಡುತ್ತವಾ? ಅನುಭವ ಇದ್ದವರು ಹೇಳಿ.

ಗುಮ್ಮಟದ ವಕೀಲ
ಗೂಡಿನ ಮಾತು ಆಮೇಲೆ. ಯಾವ ಪ್ರಾಣಿ ಅನ್ನೋದು ಮೊದಲು ಹೇಳಿ. ನಮ್ಮ ಹೊಲದ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಚಿರತೆ ಇರುವ ಪಟ್ಟಿ ಅದು. ಹಿಡಿದರೂ ತಪ್ಪು, ಸಾಕಿದರೂ ತಪ್ಪು, ಮೊಟ್ಟೆ ತೆಗೆದರೂ ತಪ್ಪು. ಶಿಕ್ಷೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 7 ವರ್ಷ. ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. "ಪ್ರೀತಿಯಿಂದ ಸಾಕಿದ್ದೆ ಸಾಹೇಬ್ರೆ" ಅಂದರೆ ಕೋರ್ಟು ಕೇಳುವುದಿಲ್ಲ.

ಬೀಳಗಿ ಹುಡುಗ
ನಮ್ಮದಲ್ಲ ವಕೀಲರೇ, ಹೊರದೇಶದ್ದು. ಆಸ್ಟ್ರೇಲಿಯಾ ಮೂಲದ ಆಕಿ ಮಾನಿಟರ್. ಒಬ್ಬ ಡೀಲರ್ ಜೋಡಿಗೆ ಎರಡು ಲಕ್ಷ ಹೇಳುತ್ತಿದ್ದಾನೆ. ಬಿಲ್ ಕೇಳಿದೆ. "ಈ ಸಾಮಾನಿಗೆ ಬಿಲ್ ಇರಲ್ಲ ಬ್ರದರ್" ಅಂದ.

ಗುಮ್ಮಟದ ವಕೀಲ
ಬಿಲ್ ಇಲ್ಲದ ಕಬ್ಬಿಣದ ರಾಡು ಅಂಗಡಿಗೆ ಇಳಿಸಿಕೊಳ್ಳುತ್ತೀರಾ? ಇಲ್ಲ ಅಲ್ವಾ. ಎರಡು ಲಕ್ಷದ ಹಲ್ಲಿಯನ್ನು ಮಾತ್ರ ಹೇಗೆ ಇಳಿಸಿಕೊಳ್ಳುತ್ತೀರಿ?

2022ರ ತಿದ್ದುಪಡಿ ಬಂದ ಮೇಲೆ ಹೊರದೇಶದ ಮಾನಿಟರ್‌ಗಳೂ ಕಾಯ್ದೆಯ ಒಳಗೆ ಬಂದಿವೆ. ಸೈಟಿಸ್ ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ, ಅದರಲ್ಲಿರುವ ಪ್ರಾಣಿಗಳಿಗೆ ಅಂತಲೇ ನಾಲ್ಕನೇ ಪಟ್ಟಿ ಮಾಡಿದ್ದಾರೆ. 2024ರ ಫೆಬ್ರವರಿ 28ಕ್ಕೆ ನೋಂದಣಿ ನಿಯಮ ಬಂತು. ಆಗಲೇ ಸಾಕುತ್ತಿದ್ದವರಿಗೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲು ಆರು ತಿಂಗಳು ಕೊಟ್ಟಿದ್ದರು. ನಿಮ್ಮ ಡೀಲರ್‌ನ ಹತ್ತಿರ ಆ ನೋಂದಣಿ ಇದೆಯಾ ಕೇಳಿ. ಮರಿ ಹುಟ್ಟಿದರೂ ತಿಳಿಸಬೇಕು, ಸತ್ತರೂ ತಿಳಿಸಬೇಕು, ಕೈ ಬದಲಾದರೂ ತಿಳಿಸಬೇಕು. ಆಸ್ಟ್ರೇಲಿಯಾ ತನ್ನ ಹಲ್ಲಿ, ಹಾವುಗಳನ್ನು ವ್ಯಾಪಾರಕ್ಕೆ ಹೊರಗೆ ಬಿಡುವುದೇ ಇಲ್ಲ. ಯುರೋಪಿನಲ್ಲಿ ಯಾರದೋ ಮನೆಯಲ್ಲಿ ಹುಟ್ಟಿದ್ದೇ ಇರಲಿ, ಅಲ್ಲಿಂದ ಇಲ್ಲಿಗೆ ಬಂದ ದಾರಿಗೆ ಆಮದು ಪರವಾನಗಿ ಬೇಕು. ಕಾಗದ ಇಲ್ಲ ಅಂದರೆ ಕಾಲುಚೀಲದಲ್ಲಿ ಕಟ್ಟಿ ಸೂಟ್‌ಕೇಸಿನಲ್ಲಿ ತಂದದ್ದು ಅಂತ ತಿಳಿಯಿರಿ.

ಮುಧೋಳ ಕಾಕಾ
ತಮ್ಮಾ, ನಮ್ಮೂರ ಸಂಸ್ಥಾನದವರ ಅಡ್ಡಹೆಸರೇ ಉಡ. ಘೋರ್ಪಡೆ ಅಂತಾರಲ್ಲ, ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ. ಬಹಮನಿ ಕಾಲದಲ್ಲಿ ಆ ಮನೆತನದ ಹಿರಿಯರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆ ಹತ್ತಿದರು, ಅದಕ್ಕೇ ಆ ಹೆಸರು ಬಂತು ಅನ್ನೋ ಕಥೆ ಇದೆ. ಆ ಖೇಳಣಾನೇ ಈಗಿನ ವಿಶಾಳಗಡ. ತಾನಾಜಿ 1670ರಲ್ಲಿ ಸಿಂಹಗಡ ಹತ್ತಿದ್ದಕ್ಕೂ ಇದೇ ಕಥೆ ಹೇಳುತ್ತಾರೆ. ಆ ಉಡಕ್ಕೆ ಯಶವಂತಿ ಅಂತ ಹೆಸರು ಬೇರೆ.

ಮೂವತ್ತು ವರ್ಷ ಸಾಲಿಯಲ್ಲಿ ಇತಿಹಾಸ ಕಲಿಸಿದೆ. ಇದನ್ನು ಪಾಠ ಅಂತ ಕಲಿಸಲಿಲ್ಲ, ಕಥೆ ಅಂತ ಹೇಳಿದೆ. ಹುಡುಗರು ಪಾಠ ಮರೆತರು, ಕಥೆ ನೆನಪಿಟ್ಟುಕೊಂಡರು. ಆ ಕಾಲದವರು ಉಡ ಸಾಕಿದ್ದೇ ನಿಜ ಆದರೆ ಅದಕ್ಕೆ ಏನು ಹಾಕುತ್ತಿದ್ದರೋ, ಎಲ್ಲಿ ಮಲಗಿಸುತ್ತಿದ್ದರೋ, ಯಾವ ಬಖರಿನಲ್ಲೂ (ಮರಾಠಿಯ ಹಳೇ ಇತಿಹಾಸ ಬರಹ) ನಾನು ಓದಿಲ್ಲ.

ತಿಳಕವಾಡಿಯವನು
ಕಾಕಾ, ಮೆಚ್ಚಿದೆ. ನನ್ನದು ಬೆಳಗಾವಿ. ಆರು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ಕಾಗದ ಪತ್ರ ಎಲ್ಲ ಇಟ್ಟುಕೊಂಡು ಆಕಿ ಮಾನಿಟರ್ ಸಾಕಿದ್ದೆ. ವಾಪಸ್ ಬರುವಾಗ ಅಲ್ಲಿಯ ಗೆಳೆಯನಿಗೆ ಕೊಟ್ಟು ಬಂದೆ. ಕಾನೂನಿನ ವಿಷಯದಲ್ಲಿ ವಕೀಲರು ಹೇಳಿದ್ದೇ ಸರಿ. ಆದರೆ ಹುಡುಗ ಕೇಳಿದ ಪ್ರಶ್ನೆಗೂ ಉತ್ತರ ಸಿಗಲಿ.

ಬೀಳಗಿ ಅಣ್ಣಾ, ನೀವು ಪಂಜರದ ಉದ್ದ, ಅಗಲ ಹೇಳಿದಿರಿ. ಮಣ್ಣಿನ ಆಳ ಹೇಳಲಿಲ್ಲ. ನಾನೂ ಮೊದಲು ಹಾಗೇ ಮಾಡಿದ್ದೆ. ನಾಲ್ಕು ಅಡಿಯ ಚಂದದ ಗಾಜಿನ ಪೆಟ್ಟಿಗೆ ತಂದೆ, ತಳಕ್ಕೆ ನಾಲ್ಕು ಬೆರಳು ಮರಳು ಹಾಕಿದೆ, ಒಂದು ಕಲ್ಲು ಇಟ್ಟೆ, ಫೋಟೊ ತೆಗೆದೆ. ಹಲ್ಲಿಗಳು ಮೂರು ತಿಂಗಳು ಮೂಲೆ ಕೆರೆಯುತ್ತಾ ಇದ್ದವು. ಆಟ ಆಡುತ್ತಿವೆ ಅಂದುಕೊಂಡೆ.

ಆಕಿ ಚಿಕ್ಕದು, ಬಾಲ ಸೇರಿ ಎರಡು ಅಡಿ ಸುಮಾರು. ಆದರೂ ಕನಿಷ್ಠ ಒಂದು ಅಡಿ, ಒಳ್ಳೆಯದು ಎರಡು ಅಡಿ ಆಳ ಮಣ್ಣು ಬೇಕು. ಇಂಥ ಮಾನಿಟರ್ ಬದುಕುವುದೇ ಬಿಲದಲ್ಲಿ. ಮೇಲೆ ಒಣಗಿರಬೇಕು, ಒಳಗೆ ತಂಪು, ತೇವ. ಜಾಲರಿ ಪಂಜರ ಅಂತೂ ಬೇಡವೇ ಬೇಡ. ತೇವ ಎಲ್ಲ ಆರಿಹೋಗುತ್ತದೆ, ಮೂತಿ ತಿಕ್ಕಿ ತಿಕ್ಕಿ ಗಾಯ ಮಾಡಿಕೊಳ್ಳುತ್ತವೆ. ಪ್ಲೈವುಡ್ ಪೆಟ್ಟಿಗೆ ಮಾಡಿ, ಒಳಗೆ ನೀರು ಹಿಡಿಯದ ಬಣ್ಣ ಬಳಿದು, ಮಣ್ಣು ತುಂಬುವುದು ವಾಸಿ. ಮಣ್ಣಿನ ತೂಕ ಮರೆಯಬೇಡಿ. ನನ್ನ ಎರಡನೇ ಪೆಟ್ಟಿಗೆಯ ತಳ ಕಿತ್ತು ಬಂದಿತ್ತು. ಬಾಡಿಗೆ ಮನೆ ಬೇರೆ.

ಬಿಸಿಲು ಕೇಳಿದಿರಿ. ಅವು ಮೈ ಕಾಯಿಸುವ ಜಾಗದ ಮೇಲ್ಮೈ 55ರಿಂದ 65 ಡಿಗ್ರಿ ಇರಬೇಕು. ಹೌದು, ಕೈ ಇಟ್ಟರೆ ಸುಡುತ್ತದೆ. ಆದರೆ ಅದು ಒಂದು ಮೂಲೆಯಲ್ಲಿ, ಹಾಲೋಜನ್ ದೀಪದ ಕೆಳಗೆ ಮಾತ್ರ. ಇನ್ನೊಂದು ತುದಿ 25 ಡಿಗ್ರಿ ಆಸುಪಾಸು. ಹತ್ತು ನಿಮಿಷ ಕಾಯಿಸಿಕೊಂಡು ಬಿಲಕ್ಕೆ ಓಡುತ್ತವೆ, ಮತ್ತೆ ಬರುತ್ತವೆ. ಒಂದೇ ದೊಡ್ಡ ಬಲ್ಬ್ ಹಾಕಬಾರದು, ಬೆನ್ನಿನ ಒಂದೇ ಕಡೆ ಸುಡುತ್ತದೆ. ಸಣ್ಣವು ಎರಡು ಮೂರು ಸಾಲಾಗಿ, ಮೂಗಿನಿಂದ ಬಾಲದ ಬುಡದವರೆಗೆ ಬೆಳಕು ಬೀಳುವ ಹಾಗೆ ಹಾಕಬೇಕು. ಅಮೆರಿಕದ ಫ್ರಾಂಕ್ ರೆಟೆಸ್ ಅನ್ನುವ ಸಾಕಣೆಗಾರನ ಹೆಸರಿನಲ್ಲಿ ರೆಟೆಸ್ ಸ್ಟ್ಯಾಕ್ ಅಂತ ಒಂದು ಏರ್ಪಾಟು ಇದೆ. ಹಲಗೆಗಳನ್ನು ಬೆರಳು ಸಂದಿ ಬಿಟ್ಟು ಒಂದರ ಮೇಲೊಂದು ಜೋಡಿಸಿ ದೀಪದ ಕೆಳಗೆ ಇಡುವುದು, ಅಷ್ಟೇ. ಮೇಲಿನ ಹಲಗೆ ಕಾವಲಿ, ಕೆಳಗಿನದು ನೆರಳು. ಬೇಕಾದ ಅಂತಸ್ತಿನಲ್ಲಿ ಬಾಡಿಗೆ ಇಲ್ಲದೆ ಇರುತ್ತವೆ.

ನಿಮ್ಮ ಪತ್ರಾಸ್ ಶೆಡ್ ಇದೆಯಲ್ಲ, ಮೇ ತಿಂಗಳಲ್ಲಿ ಅದರ ಒಳಗೆ ಎಷ್ಟು ಇರುತ್ತದೆ?

ಬೀಳಗಿ ಹುಡುಗ
ನಿನ್ನೆ ಮಧ್ಯಾಹ್ನ ಥರ್ಮಾಮೀಟರ್ ಇಟ್ಟು ನೋಡಿದೆ. 46.

ತಿಳಕವಾಡಿಯವನು
ಅಲ್ಲಿಗೆ ಮುಗಿಯಿತು. ಸುಡುವ ಕಲ್ಲು ಬೇರೆ, ಸುಡುವ ಗಾಳಿ ಬೇರೆ. ಕಲ್ಲು ಬಿಟ್ಟು ಓಡಬಹುದು. ಗಾಳಿ ಬಿಟ್ಟು ಎಲ್ಲಿಗೆ ಓಡುತ್ತದೆ? ಆ ಶೆಡ್ಡಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಸಾಯುತ್ತದೆ. ಬೆಳಗಾವಿಯಲ್ಲಿ ನಮಗೆ ಉಲ್ಟಾ ತೊಂದರೆ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಡಿಸೆಂಬರ್ ರಾತ್ರಿ ಕರೆಂಟು ಹೋದರೆ ಪೆಟ್ಟಿಗೆ ತಣ್ಣಗಾಗುತ್ತದೆ.

ಜಮಖಂಡಿ ರೈತ
ಈ ಮಣ್ಣಿನ ಮಾತು ಚಲೋ ಇದೆ. ಯಾವ ಮಣ್ಣು ಹಾಕುತ್ತಿದ್ದಿರಿ ಅಣ್ಣಾ? ನಮ್ಮ ಹೊಲ ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಉಡದ ಬಿಲ ನಾನು ಕಂಡಿದ್ದೆಲ್ಲ ಮಸಾರಿ ಕಡೆ ಬದುವಿನಲ್ಲಿ, ಇಲ್ಲ ಹುತ್ತದಲ್ಲಿ. ಎರೆಯಲ್ಲಿ ಒಂದೂ ಕಂಡಿಲ್ಲ.

ತಿಳಕವಾಡಿಯವನು
ನಿಮ್ಮ ಉಡಕ್ಕೆ ನನಗಿಂತ ಮೊದಲೇ ಗೊತ್ತಿತ್ತು ನೋಡಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಲ ಮುಚ್ಚುತ್ತದೆ. ಒಣಗಿದರೆ ಬಿರುಕು ಬಿಡುತ್ತದೆ, ಕುಸಿಯುತ್ತದೆ. ಬರೀ ಮರಳೂ ಆಗುವುದಿಲ್ಲ, ನಿಲ್ಲುವುದೇ ಇಲ್ಲ. ಕೆಂಪು ಮಣ್ಣಿಗೆ ಮರಳು ಬೆರೆಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದು ಒತ್ತಬೇಕು. ಉಂಡೆ ನಿಲ್ಲಬೇಕು, ನೀರು ಒಸರಬಾರದು. ಆಮೇಲೆ ಉಂಡೆಯೊಳಗೆ ಬೆರಳು ತೂರಿಸಬೇಕು. ತೂತು ಹಾಗೇ ಉಳಿದರೆ ಮಣ್ಣು ಆಯಿತು.

ಮರಿ ಮಾಡಿಸುವ ವಿಷಯ ಪೂರ್ತಿ ಇದರ ಮೇಲೇ ನಿಂತಿದೆ. ಗಂಡು ಹೆಣ್ಣು ಕೂಡುವುದು ಕಷ್ಟ ಅಲ್ಲ. ಹೊಟ್ಟೆ ತುಂಬ ಹುಳ, ಮೈ ತುಂಬ ಬಿಸಿ ಸಿಕ್ಕರೆ ಕೂಡುತ್ತವೆ, ವರ್ಷಕ್ಕೆ ಎರಡು ಮೂರು ಸಲ ಕೂಡ ಮೊಟ್ಟೆ ಕಟ್ಟುತ್ತವೆ. ಇಡಲು ಜಾಗ ಬೇಕಲ್ಲ? ಹೆಣ್ಣು ಒಂದು ಕಡೆ ತೋಡುತ್ತಾಳೆ, ಬಿಡುತ್ತಾಳೆ. ಇನ್ನೊಂದು ಕಡೆ ತೋಡುತ್ತಾಳೆ, ನಾಲಿಗೆ ಚಾಚಿ ನೋಡುತ್ತಾಳೆ, ಅದನ್ನೂ ಬಿಡುತ್ತಾಳೆ. ಒಳಗೆ 28, 30 ಡಿಗ್ರಿ ಕಾವು, ಹದವಾದ ತೇವ, ಕುಸಿಯದ ಗೋಡೆ ಸಿಕ್ಕರೆ ಮಾತ್ರ ಇಡುತ್ತಾಳೆ.

ನನ್ನ ಮೊದಲ ಹೆಣ್ಣಿಗೆ ಅದು ಸಿಗಲಿಲ್ಲ. ನಾಲ್ಕು ಬೆರಳು ಮರಳು ಅಂದೆನಲ್ಲ, ಅದರಲ್ಲೇ ಹನ್ನೆರಡು ದಿನ ಕೆರೆದಳು. ಆಮೇಲೆ ಕೆರೆಯುವುದು ನಿಲ್ಲಿಸಿದಳು. ಸಮಾಧಾನ ಆಯಿತು ಅಂದುಕೊಂಡು ನಾನು ಆಫೀಸಿಗೆ ಹೋದೆ. ಸಂಜೆ ಬಂದಾಗ ನೀರಿನ ತಟ್ಟೆಯಲ್ಲಿ ಎರಡು ಮೊಟ್ಟೆ ಇದ್ದವು. ಉಳಿದ ಆರು ಹೊಟ್ಟೆಯಲ್ಲೇ ಇದ್ದವು. ಅವಳು ಸತ್ತಿದ್ದಳು.

ವಿಜಯಪುರ ಪಶುವೈದ್ಯ
ಇದು ಬಹಳ ಕಡೆ ಆಗುವುದೇ. ಮೊಟ್ಟೆ ಒಳಗೇ ಉಳಿದರೆ ಎಕ್ಸ್‌ರೇಯಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತದೆ. ಹೆಚ್ಚಾಗಿ ಆಪರೇಶನ್ ಬಿಟ್ಟು ದಾರಿ ಇರುವುದಿಲ್ಲ, ಎಷ್ಟೋ ಸಲ ಅದಕ್ಕೂ ತಡವಾಗಿರುತ್ತದೆ.

ಇನ್ನೊಂದು ಕಾಯಿಲೆ ಗೌಟ್. ಮನುಷ್ಯರಿಗೆ ಬರುವುದೇ. ನೀರಿನಂಶ ಕಡಿಮೆಯಾದರೆ ಯೂರಿಕ್ ಆಮ್ಲ ಮೂತ್ರಪಿಂಡದಲ್ಲಿ, ಕೀಲುಗಳಲ್ಲಿ ಹರಳಾಗಿ ಕೂರುತ್ತದೆ. ಬೇರೆ ಊರಿನಲ್ಲಿ ಕೆಲಸ ಮಾಡುವಾಗ ಒಂದು ಸವನ್ನಾ ಮಾನಿಟರ್ ನೋಡಿದ್ದೆ. ಆಫ್ರಿಕಾದ ಜಾತಿ, ಹುಳ, ಬಸವನಹುಳ ತಿನ್ನುವ ಪ್ರಾಣಿ. ಮಾಲೀಕ ದಿನಾ ಕೋಳಿ ಮಾಂಸ, ಇಲಿ ಹಾಕಿ ಹಾಕಿ ದಿಂಬಿನ ಹಾಗೆ ಮಾಡಿದ್ದ. "ಎಷ್ಟು ಶಾಂತವಾಗಿದೆ ನೋಡಿ ಡಾಕ್ಟ್ರೇ" ಅಂದ. ಅದಕ್ಕೆ ಎದ್ದೇಳಲು ಆಗುತ್ತಿರಲಿಲ್ಲ.

ಮುಧೋಳ ಕಾಕಾ
ಡಾಕ್ಟ್ರೇ, ಒಂದೇ ಹೆಣ್ಣು ಇದ್ದರೂ ಮೊಟ್ಟೆ ಇಡುತ್ತದೆ, ಮರಿಯೂ ಆಗುತ್ತದೆ ಅಂತ ಮೊಮ್ಮಗ ವಾದ ಮಾಡುತ್ತಿದ್ದಾನೆ. ಹೌದಾ?

ವಿಜಯಪುರ ಪಶುವೈದ್ಯ
ಮೊಮ್ಮಗ ಗೆದ್ದ ಕಾಕಾ. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಫ್ಲೋರಾ ಅನ್ನುವ ಕೊಮೊಡೊ ಡ್ರ್ಯಾಗನ್ ಗಂಡಿನ ಸಂಗವೇ ಇಲ್ಲದೆ ಮೊಟ್ಟೆ ಇಟ್ಟು ಮರಿ ಮಾಡಿತು. 2006ರಲ್ಲಿ ಅದು ದೊಡ್ಡ ಸುದ್ದಿ ಆಗಿತ್ತು. ಕೊಮೊಡೊ ಕೂಡ ಉಡದ ಬಳಗವೇ. ಹಾಗೆ ಹುಟ್ಟಿದವೆಲ್ಲ ಗಂಡು. ಮೊಸಳೆಗಳ ಹಾಗೆ ಮೊಟ್ಟೆಯ ಕಾವು ಇವುಗಳಲ್ಲಿ ಗಂಡು ಹೆಣ್ಣನ್ನು ತೀರ್ಮಾನ ಮಾಡುವುದಿಲ್ಲ, ಹಕ್ಕಿಗಳ ಹಾಗೆ ವರ್ಣತಂತುವೇ ಮಾಡುತ್ತದೆ.

ಬೀಳಗಿ ಹುಡುಗ
ತಿಳಕವಾಡಿ ಅಣ್ಣಾ, ಆಮೇಲೆ ಮರಿ ಆದವಾ? ಮೊಟ್ಟೆ ಹೇಗೆ ಕಾಯಿಸಿದಿರಿ?

ಡಾಕ್ಟ್ರೇ, ಸುಮ್ನೆ ಒಂದು ಪ್ರಶ್ನೆ. ಒಂದು ಅಡಿ ಉದ್ದದ ಮರಿ ನಾಲ್ಕು ದಿನದಿಂದ ಏನೂ ತಿನ್ನುತ್ತಿಲ್ಲ ಅಂದರೆ ಏನು ಮಾಡಬೇಕು? ಬೇಯಿಸಿದ ಮೊಟ್ಟೆ ಹಾಕಿದರೂ ಮೂಸುವುದಿಲ್ಲ.

ವಿಜಯಪುರ ಪಶುವೈದ್ಯ
ಸುಮ್ನೆ ಕೇಳುವವರು ನಾಲ್ಕು ದಿನ ಅಂತ ಎಣಿಸುವುದಿಲ್ಲ. ಏನು ಇಟ್ಟುಕೊಂಡಿದ್ದೀರಿ?

ಬೀಳಗಿ ಹುಡುಗ
ರಾತ್ರಿಯೆಲ್ಲ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಡೀಲರ್ ಕಥೆ ನಿಜ. ಆದರೆ ಎರಡು ಲಕ್ಷ ನನ್ನ ಹತ್ತಿರ ಇಲ್ಲ. ಹೋದ ವಾರ ಪರಿಚಯದವರ ಹೊಲದಲ್ಲಿ ಜೆಸಿಬಿ ಬದು ಒಡೆಯುವಾಗ ಉಡದ ಮರಿ ಸಿಕ್ಕಿತು. ಕೂಲಿಯವರು ಹೊಡೆಯಲು ಹೋದರು. "ಕೊಡ್ರಿ ನನಗ" ಅಂತ ಇಸಿದುಕೊಂಡು ಬಂದೆ. ಬಿಟ್ಟುಬಿಡಬೇಕು ಅಂತಲೇ ಇತ್ತು. ಕತ್ತಿನ ಮೇಲಿನ ಪಟ್ಟಿ, ಆ ನಾಲಿಗೆ ನೋಡಿ ಮನಸ್ಸು ಬರಲಿಲ್ಲ. ಹಳೇ ಕೂಲರ್ ಬಾಡಿಯಲ್ಲಿ ಇಟ್ಟಿದ್ದೇನೆ. ತಳಕ್ಕೆ ಗೋಣಿಚೀಲ ಹಾಸಿದ್ದೇನೆ. ದಿನವಿಡೀ ಮೂಲೆ ಕೆರೆಯುತ್ತದೆ. ತಿಳಕವಾಡಿ ಅಣ್ಣಾ, ನೀವು ಆಟ ಅಂದುಕೊಂಡೆ ಅಂತ ಬರೆದಿರಲ್ಲ, ಅದನ್ನು ಓದಿದ ಮೇಲೆ ಆ ಸದ್ದು ಕೇಳಲು ಆಗುತ್ತಿಲ್ಲ.

ಗುಮ್ಮಟದ ವಕೀಲ
ಈ ಪೋಸ್ಟ್ ಹಾಕಿದ ಧೈರ್ಯಕ್ಕೆ ಬೈಯುವುದಿಲ್ಲ. ಇವತ್ತೇ 1926ಕ್ಕೆ ಫೋನ್ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ. ಜೆಸಿಬಿ, ಕೂಲಿಯವರು, ಯಾವ ಹೊಲ, ಯಾವ ದಿನ, ಇದ್ದದ್ದು ಇದ್ದ ಹಾಗೆ ಹೇಳಿ. ಹೆದರಿಕೆಗೆ ನೀವೇ ಒಯ್ದು ಎಲ್ಲೋ ಬಿಟ್ಟು ಬರಬೇಡಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಕಳ್ಳಸಾಗಣೆ ಅಂತಲೇ ಕಾಣುತ್ತದೆ. ಇದರ ಚರ್ಮಕ್ಕೆ, ಎಣ್ಣೆಗೆ, ಮಾಂಸಕ್ಕೆ ಓಡಾಡುವ ಜನ ಇದ್ದಾರೆ. ಹಾಥಾ ಜೋಡಿ ಅಂತ ಪೂಜೆಗೆ ಮಾರುವ "ಬೇರು" ಇದೆಯಲ್ಲ, ಅದು ಬೇರಲ್ಲ, ಗಂಡು ಉಡದ ಜನನಾಂಗ ಒಣಗಿಸಿದ್ದು. ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆ ಅಂತ ದೇವರ ಜಗಲಿ ಮೇಲೆ ಇಡುತ್ತಾರೆ!

ವಿಜಯಪುರ ಪಶುವೈದ್ಯ
ಅವರು ಬರುವವರೆಗೆ ಬಾಯಿಗೆ ಏನೂ ತುರುಕಬೇಡಿ. ನಾಲ್ಕು ದಿನ ತಿನ್ನದಿದ್ದರೆ ಸಾಯುವುದಿಲ್ಲ, ಬಿಸಿಗೆ ಸಾಯುತ್ತದೆ. ಕೂಲರ್ ಬಾಡಿಯಿಂದ ತೆಗೆದು ಮನೆಯೊಳಗೆ ತಂಪು ಕೋಣೆಯಲ್ಲಿ ಇಡಿ. ಗಾಳಿಗೆ ತೂತು ಇರುವ ರಟ್ಟಿನ ಪೆಟ್ಟಿಗೆ, ಮೇಲೆ ಬಟ್ಟೆ, ತಗ್ಗಾದ ತಟ್ಟೆಯಲ್ಲಿ ನೀರು. ಇಣುಕಿ ಇಣುಕಿ ನೋಡಬೇಡಿ. ಮಕ್ಕಳಿಗೆ ತೋರಿಸುವುದು, ಸೆಲ್ಫಿ ಯಾವುದೂ ಬೇಡ. ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಬೀಳಗಿ ಹುಡುಗ
ಸಂಜೆ ಇಬ್ಬರು ಬಂದು ನೋಡಿದರು. ಕಾಲು, ಬಾಲ ಎಲ್ಲ ಸರಿ ಇದೆ ಅಂದರು. ನನ್ನ ಹೆಸರು, ನಂಬರ್, ಹೊಲದ ವಿವರ ಬರೆದುಕೊಂಡರು. ಚೆನ್ನಾಗಿ ಬೈದರು. ಆಮೇಲೆ ಒಬ್ಬರು ಚಹಾ ಕುಡಿಯುತ್ತಾ "ಮೀನು ಸಾಕ್ತೀಯಲ್ಲ, ಸಾಲದಾ?" ಅಂದರು. ಅದೇ ಹೊಲದ ಹತ್ತಿರದ ಹಳ್ಳದ ದಂಡೆಯಲ್ಲಿ, ಬದು ಇನ್ನೂ ಉಳಿದಿರುವ ಕಡೆ ಬಿಟ್ಟರು. ನಾನೂ ಹೋಗಿದ್ದೆ. ಪೆಟ್ಟಿಗೆ ವಾಲಿಸಿದ ಮೇಲೆ ಒಂದು ಗಳಿಗೆ ಅಲ್ಲಾಡಲಿಲ್ಲ. ನಾಲಿಗೆ ಎರಡು ಸಲ ಹೊರಗೆ ಬಂತು. ಆಮೇಲೆ ಹೋಗಿದ್ದು ಗೊತ್ತೇ ಆಗಲಿಲ್ಲ.

ಹೆಂಡತಿ ಕೂಲರ್ ಬಾಡಿಯನ್ನು ಗುಜರಿಗೆ ಹಾಕಿದಳು.

ತಿಳಕವಾಡಿಯವನು
ಒಳ್ಳೆಯದಾಯಿತು ಅಣ್ಣಾ. ಕೇಳಿದ್ದಿರಲ್ಲ, ಮರಿ ಆದವು. ಎರಡನೇ ಹೆಣ್ಣಿಗೆ ಒಂದೂವರೆ ಅಡಿ ಆಳದ ಮಣ್ಣು ಕೊಟ್ಟಿದ್ದೆ. ಏಳು ಮೊಟ್ಟೆ ಇಟ್ಟಳು. ತೆಗೆಯುವಾಗ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಕೋಳಿ ಮೊಟ್ಟೆಯ ಹಾಗೆ ಇವನ್ನು ತಿರುಗಿಸಬಾರದು, ಒಳಗಿನ ಭ್ರೂಣ ಸಾಯುತ್ತದೆ. ಡಬ್ಬಿಯಲ್ಲಿ ಒದ್ದೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಹರಳು) ಹಾಕಿ, ಅರ್ಧ ಹೂತು, 29 ಡಿಗ್ರಿಯಲ್ಲಿ ಇಟ್ಟೆ. ಒಂದು ಬೂಸ್ಟು ಹಿಡಿಯಿತು, ಎರಡು ಕುಗ್ಗಿದವು. 104ನೇ ದಿನ ಒಂದು ಮೊಟ್ಟೆ ಬೆವರಿತು, ಮರುದಿನ ಸೀಳಿತು. ಮರಿ ಗೇಣುದ್ದ ಕೂಡ ಇರಲಿಲ್ಲ, ಅಂಥದ್ದು ನನ್ನನ್ನೇ ಬುಸ್ ಅಂತ ಹೆದರಿಸಿತು. ಒಟ್ಟು ನಾಲ್ಕು ಉಳಿದವು.

ಉಳಿದ ಮೇಲೆ ನಿಜವಾದ ಕೆಲಸ ಶುರು. ದಿನಾ ಸಣ್ಣ ಜೀರುಂಡೆ, ಅದಕ್ಕೆ ಕ್ಯಾಲ್ಸಿಯಂ ಪುಡಿ ಸವರುವುದು, ಆ ಜೀರುಂಡೆಗೆ ಬೇರೆ ಊಟ. ಅಡುಗೆಮನೆಯಲ್ಲಿ ರಾತ್ರಿಯಿಡೀ ಚಿರ್ ಚಿರ್. ಆ ನಾಲ್ಕು ಮರಿಗೆ ಮನೆ ಹುಡುಕಲು ಎಂಟು ತಿಂಗಳು ಬೇಕಾಯಿತು. ಕೇಳಿದವರಿಗೆಲ್ಲ ಮೊದಲು ಮಣ್ಣಿನ ಫೋಟೊ ಕಳಿಸಿ ಅನ್ನುತ್ತಿದ್ದೆ. ಅರ್ಧ ಜನ ಅಲ್ಲಿಗೇ ಮಾತು ಬಿಟ್ಟರು.

ಮುಧೋಳ ಕಾಕಾ
ಉಡದ ಪಟ್ಟು ಅಂತಾರಲ್ಲ, ಅದು ಉಡದ್ದಲ್ಲ, ಸಾಕುವವರದು ಅನಿಸುತ್ತಿದೆ.

ಜಮಖಂಡಿ ರೈತ
ಎರಡು ತಿಂಗಳ ಮೇಲೆ ಇಲ್ಲಿಗೆ ಬರುತ್ತಿದ್ದೇನೆ. ಮೊನ್ನೆ ಎರಡು ಮಳೆ ಚಲೋ ಬಿದ್ದವು. ಬೆಳಿಗ್ಗೆ ಮಸಾರಿ ಬದುವಿನಲ್ಲಿ ದೊಡ್ಡ ಉಡ, ನಾಲ್ಕು ಅಡಿಗೆ ಕಡಿಮೆ ಇಲ್ಲ, ಮಣ್ಣು ತೋಡುತ್ತಿತ್ತು. ನಾನು ಬೇವಿನ ಗಿಡದ ಹಿಂದೆ ಕೂತು ಒಂದು ತಾಸು ನೋಡಿದೆ. ಮೂರು ಕಡೆ ತೋಡಿದೆ. ಮೂರನ್ನೂ ಮುಚ್ಚಿ ಮೂತಿಯಿಂದ ಒತ್ತಿ ಹೋಯಿತು. ಮೂರರಲ್ಲೂ ಮೊಟ್ಟೆ ಇರುತ್ತವಾ?

ತಿಳಕವಾಡಿಯವನು
ಒಂದರಲ್ಲಿ ಇರಬಹುದು. ಉಡ ಹತ್ತಿರದಲ್ಲೇ ಸುಳ್ಳು ಬಿಲಗಳನ್ನೂ ತೋಡುತ್ತದೆ, ಮೊಟ್ಟೆ ಕದಿಯಲು ಬಂದವರು ದಾರಿ ತಪ್ಪಲಿ ಅಂತ ಇರಬಹುದು. ದಯವಿಟ್ಟು ಕೆದಕಿ ನೋಡಬೇಡಿ. ನಮ್ಮ ಉಡದ ಮೊಟ್ಟೆ ಒಡೆಯಲು ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಬೇಸಿಗೆವರೆಗೆ ಆ ಬದುವಿಗೆ ಜೆಸಿಬಿ ಹೋಗದಿದ್ದರೆ ಸಾಕು.

ಜಮಖಂಡಿ ರೈತ
ಜೆಸಿಬಿಯವನಿಗೆ ಹೇಳಿಟ್ಟೆ. "ಒಂದು ಹಲ್ಲಿಗಾಗಿ ಬದು ಬಿಡ್ತೀರಾ ಗೌಡ್ರೆ" ಅಂತ ನಕ್ಕ. ನಗಲಿ. ನನ್ನ ಹೊಲದ ಇಲಿ, ಏಡಿಗೆ ಅವನೇನು ಬರುತ್ತಾನಾ?

ಬೀಳಗಿ ಹುಡುಗ
ಜಮಖಂಡಿ ಕಾಕಾ, ಆ ಬದು ನೋಡಲು ಬರಬಹುದಾ? ಏನೂ ಮುಟ್ಟುವುದಿಲ್ಲ.

ಜಮಖಂಡಿ ರೈತ
ಭಾನುವಾರ ಬಾ ತಮ್ಮಾ. ಏಳು ಗಂಟೆ ಒಳಗೆ ಬಾ, ಬಿಸಿಲು ಏರಿದರೆ ಅದು ಹೊರಗೆ ಇರಲ್ಲ. ಬೂಟು ಹಾಕಿಕೋ, ಹಾವು ಇರುತ್ತವೆ. ಪೆಟ್ಟಿಗೆ ಗಿಟ್ಟಿಗೆ ತರಬೇಡ.